ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ನಾಗರಿಕ ಹಕ್ಕುಗಳ ದಾವೆ ವಜಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿಯ ತಲೆಬರಹದಲ್ಲಿ ‘ವಜಾ’ ಎಂಬ ಎರಡಕ್ಷರ ಕಂಡರೆ ಸಾಕು, ಓದುವವರು ತೀರ್ಪು ಬರೆದುಬಿಡುತ್ತಾರೆ: ಕೇಸು ಸುಳ್ಳು, ಹಾಕಿದವನು ಸೋತ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಮಟ್ಟಿಗೆ ಈ ಎರಡೂ ಮಾತು ಎಷ್ಟೋ ಸಲ ತಪ್ಪಾಗಿರುತ್ತವೆ. ಅಲ್ಲಿ ನೆಲೆಸಿರುವ ನಮ್ಮವರು, ಇಲ್ಲಿ ಕುಳಿತು ಅವರ ಚಿಂತೆ ಮಾಡುವ ಮನೆಯವರು, ಕಾನೂನು ಓದುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಇದು ತಿಳಿವಳಿಕೆಗಾಗಿ ಬರೆದದ್ದು. ಸ್ವಂತ ಕೇಸಿದ್ದವರು ಆಯಾ ರಾಜ್ಯದ ವಕೀಲರನ್ನೇ ಕೇಳಬೇಕು.

ದಾವೆ ವಜಾ ಆಯಿತು ಎಂದರೆ ಆ ಘಟನೆ ನಡೆದೇ ಇಲ್ಲ ಎಂದು ನ್ಯಾಯಾಲಯ ಹೇಳಿದಂತೆಯೇ?

ಅಲ್ಲ. ಆರಂಭದ ಹಂತದಲ್ಲಿ ದಾವೆ ವಜಾ ಆದಾಗ ಸಾಕ್ಷಿಗಳು ಕಟಕಟೆಯನ್ನೇ ಹತ್ತಿರುವುದಿಲ್ಲ. ಪ್ರತಿವಾದಿಯು ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 12(ಬಿ)(6)ರ ಅಡಿ ಅರ್ಜಿ ಹಾಕಿ ಹೇಳುವುದು ಇಷ್ಟು: ವಾದಿ ಬರೆದದ್ದೆಲ್ಲ ನಿಜವೆಂದೇ ಇಟ್ಟುಕೊಳ್ಳಿ, ಆದರೂ ಕಾನೂನಿನಲ್ಲಿ ಇದಕ್ಕೆ ಪರಿಹಾರವಿಲ್ಲ. ಹಾಗಾಗಿ ನ್ಯಾಯಾಧೀಶರು ವಾದಪತ್ರದಲ್ಲಿರುವ ಸಂಗತಿಗಳನ್ನು ಒಪ್ಪಿಕೊಂಡೇ ಓದಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನನ್ನು ಕಂಡು ನಾವು ನಗುತ್ತೇವೆ. ಈ ಒಂದು ಹಂತದಲ್ಲಿ ಫೆಡರಲ್ ನ್ಯಾಯಾಧೀಶರು ಹೆಚ್ಚುಕಡಿಮೆ ಅವನಂತೆಯೇ ನಡೆದುಕೊಳ್ಳಬೇಕು. ಪ್ಲೂಟೊಗೆ ಹೋಗಿ ಬಂದೆ, ಕಾಲದಲ್ಲಿ ಹಿಂದಕ್ಕೆ ಪ್ರಯಾಣಿಸಿದೆ ಎಂಬಂಥ ದೂರುಗಳಿಗೆ ಮಾತ್ರ ಈ ಸೌಜನ್ಯ ಬೇಡ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡೇವಿಡ್ ಸೌಟರ್ 2009ರಲ್ಲಿ ಒಂದು ಭಿನ್ನ ತೀರ್ಪಿನಲ್ಲಿ ಬರೆದರು. ಆ ಪ್ರಕರಣದಲ್ಲಿ ಬಹುಮತ ಅವರ ಜೊತೆಗಿರಲಿಲ್ಲ. ಅದರ ಕಥೆ ಮುಂದಿದೆ.

ನಮ್ಮ ವಕೀಲರಿಗೆ ಇದು ಹೊಸದಲ್ಲ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11ರಲ್ಲಿ ವಾದಪತ್ರವನ್ನು ತಿರಸ್ಕರಿಸುವ ಅಧಿಕಾರವಿದೆಯಲ್ಲ, ಅದು ಇದರ ದಾಯಾದಿ.

ಯಾವುದನ್ನು ನಾಗರಿಕ ಹಕ್ಕುಗಳ ದಾವೆ ಎನ್ನುತ್ತಾರೆ?

ಹಲವು ಕಾನೂನುಗಳಿಗೆ ಸೇರಿ ಇರುವ ಒಂದು ಹೆಸರು ಅದು. ಇವುಗಳಲ್ಲಿ ಹೆಚ್ಚು ಹೆಸರಾದದ್ದು ವಿಭಾಗ 1983 (ಇದು ಕಾನೂನು ಸಂಹಿತೆಯ ಕಲಂ ಸಂಖ್ಯೆ, ಇಸವಿಯಲ್ಲ). ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಕು ಕ್ಲಕ್ಸ್ ಕ್ಲಾನ್ ಕೊಲ್ಲುತ್ತಿದ್ದಾಗ, ಸ್ಥಳೀಯ ಅಧಿಕಾರಿಗಳು ಕಣ್ಣು ಮುಚ್ಚಿ ಕುಳಿತಿದ್ದಾಗ, 1871ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಸಹಿ ಹಾಕಿದ ಕಾಯ್ದೆ. ರಾಜ್ಯದ ಅಧಿಕಾರ ಬಳಸಿ ಯಾರಾದರೂ ಸಂವಿಧಾನದ ಹಕ್ಕು ಕಸಿದರೆ ಅವರ ಮೇಲೆ ಪರಿಹಾರಕ್ಕಾಗಿ ದಾವೆ ಹೂಡಬಹುದು ಎಂಬುದು ಅದರ ಸಾರ. ಸುಮಾರು 90 ವರ್ಷ ಇದು ಬಹುಪಾಲು ನಿದ್ದೆಯಲ್ಲೇ ಇತ್ತು. ಷಿಕಾಗೋದ 13 ಪೊಲೀಸರು ನಸುಕಿನಲ್ಲಿ ಒಂದು ಕಪ್ಪು ಕುಟುಂಬದ ಮನೆಗೆ ನುಗ್ಗಿ, ಗಂಡ ಹೆಂಡತಿಯನ್ನು ಬೆತ್ತಲೆ ನಿಲ್ಲಿಸಿದರು ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋಗಿ, 1961ರಲ್ಲಿ ಮನ್ರೋ ವಿರುದ್ಧ ಪೇಪ್ ತೀರ್ಪು ಬಂದ ಮೇಲೆ ಎದ್ದು ಕುಳಿತಿತು. ಆಗ ಪೊಲೀಸರ ಮೇಲೆ ದಾವೆ ನಡೆಯಲಿ, ನಗರಸಭೆಯ ಮೇಲೆ ಬೇಡ ಎಂದಿದ್ದ ನ್ಯಾಯಾಲಯ, 1978ರ ಮೊನೆಲ್ ತೀರ್ಪಿನಲ್ಲಿ ತನ್ನ ಮಾತು ತಿದ್ದಿಕೊಂಡಿತು. ಆದರೆ ಒಬ್ಬ ನೌಕರ ತಪ್ಪು ಮಾಡಿದ ಎಂದಷ್ಟೇ ಹೇಳಿ ನಗರವನ್ನು ಹಿಡಿಯುವಂತಿಲ್ಲ. ಆ ತಪ್ಪು ನಗರದ ನೀತಿಯಿಂದಲೋ ರೂಢಿಯಿಂದಲೋ ಹುಟ್ಟಿದ್ದು ಎಂದು ತೋರಿಸಬೇಕು. ನಗರಗಳ ಮೇಲಿನ ದಾವೆಗಳಲ್ಲಿ ಎಷ್ಟೋ ಈ ಹೊಸಿಲಿಗೇ ಎಡವುತ್ತವೆ. ರಾಜ್ಯ ಸರ್ಕಾರದ ಮೇಲಂತೂ ವಿಭಾಗ 1983ರಲ್ಲಿ ಪರಿಹಾರ ಕೇಳುವಂತೆಯೇ ಇಲ್ಲ. 1989ರಿಂದ ಅದು ಇತ್ಯರ್ಥವಾದ ಮಾತು.

ಉದ್ಯೋಗದಲ್ಲಿ ತಾರತಮ್ಯವಾದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ 7ನೇ ಅಧ್ಯಾಯವಿದೆ. ಜನಾಂಗದ ಕಾರಣಕ್ಕೆ ಕರಾರು ತಪ್ಪಿಸಿದರೆ ವಿಭಾಗ 1981. ಖಾಸಗಿ ಕಂಪನಿಯ ಮೇಲೆ ವಿಭಾಗ 1983ರಡಿ ದಾವೆ ಹಾಕಿದರೆ ಅದು ಸಾಮಾನ್ಯವಾಗಿ ಆರಂಭದ ಹಂತದಲ್ಲೇ ಬೀಳುತ್ತದೆ, ಏಕೆಂದರೆ ಕಂಪನಿ ಸರ್ಕಾರವಲ್ಲ.

ಎಲ್ಲರೂ ಇಕ್ಬಾಲ್, ಇಕ್ಬಾಲ್ ಎನ್ನುತ್ತಾರೆ. ಏನದು?

ಈ ವಿಷಯದಲ್ಲಿ ಒಂದೇ ಒಂದು ತೀರ್ಪು ಓದಲು ಪುರುಸೊತ್ತಿದ್ದರೆ ಅದನ್ನೇ ಓದಿ. ಆದರೆ ಕಥೆ ಶುರುವಾಗುವುದು ರೈಲಿನಿಂದ. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಒಂದು ರೈಲ್ವೆ ಕಂಪನಿಯು ಕಪ್ಪು ನೌಕರರ 45 ಹುದ್ದೆಗಳನ್ನು ರದ್ದು ಮಾಡಿದೆವು ಎಂದು ಹೇಳಿ, ಬಳಿಕ ಆ ಜಾಗಗಳಿಗೆ ಬಿಳಿಯರನ್ನು ತಂದಿತು ಎಂಬ ದೂರು. ಕಾರ್ಮಿಕ ಸಂಘ ಬಿಳಿಯರನ್ನು ಕಾಯುವಂತೆ ತಮ್ಮನ್ನು ಕಾಯಲಿಲ್ಲ ಎಂದು ಕಪ್ಪು ಸದಸ್ಯರು ದಾವೆ ಹೂಡಿದರು. 1957ರ ಕಾನ್ಲಿ ವಿರುದ್ಧ ಗಿಬ್ಸನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಉದಾರವಾಗಿ ಮಾತಾಡಿತು: ಯಾವ ಸಂಗತಿಗಳನ್ನು ಸಾಬೀತು ಮಾಡಿದರೂ ವಾದಿಗೆ ಪರಿಹಾರ ಸಿಗಲಾರದು ಎಂಬುದು ಅನುಮಾನಕ್ಕೆಡೆಯಿಲ್ಲದಂತೆ ಕಂಡರೆ ಮಾತ್ರ ವಜಾ ಮಾಡಿ. ಅರ್ಧ ಶತಮಾನ ಇದೇ ಅಳತೆಗೋಲಾಗಿತ್ತು. 2007ರಲ್ಲಿ ಟೆಲಿಫೋನ್ ಕಂಪನಿಗಳ ಪೈಪೋಟಿಯ ಕೇಸೊಂದರಲ್ಲಿ, ನಾಗರಿಕ ಹಕ್ಕುಗಳಿಗೆ ಸಂಬಂಧವೇ ಇಲ್ಲದ ಟ್ವಾಂಬ್ಲಿ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಆ ವಾಕ್ಯವನ್ನು ನಿವೃತ್ತಿಗೊಳಿಸಿತು. ಆ ತೀರ್ಪು ಬರೆದವರು ಸೌಟರ್ ಅವರೇ ಎಂಬುದು ವಿಚಿತ್ರ.

ಎರಡು ವರ್ಷದ ಬಳಿಕ ಆ ಹೊಸ ಅಳತೆ ಬಂದು ಬಿದ್ದದ್ದು ಜಾವೇದ್ ಇಕ್ಬಾಲ್ ಮೇಲೆ. ನ್ಯೂಯಾರ್ಕ್ ಬಳಿ ಕೇಬಲ್ ಟಿವಿ ಕೆಲಸ ಮಾಡುತ್ತಿದ್ದ ಪಾಕಿಸ್ತಾನಿ. 2001ರ ಸೆಪ್ಟೆಂಬರ್ ದಾಳಿಯ ನಂತರ ಬಂಧಿತನಾಗಿ ಬ್ರೂಕ್ಲಿನ್‌ನ ಫೆಡರಲ್ ಸೆರೆಮನೆಯ ಕಟ್ಟುನಿಟ್ಟಿನ ವಿಭಾಗದಲ್ಲಿದ್ದವನು. ಹೊಡೆದರು, ಮತ್ತೆ ಮತ್ತೆ ಬೆತ್ತಲೆ ಮಾಡಿ ತಪಾಸಣೆ ನಡೆಸಿದರು, ಇದೆಲ್ಲ ತನ್ನ ಧರ್ಮ ಮತ್ತು ಮೂಲದ ಕಾರಣಕ್ಕೆ ಎಂಬುದು ಅವನ ದೂರು. ಪ್ರತಿವಾದಿಗಳ ಪೈಕಿ ಅಟಾರ್ನಿ ಜನರಲ್ ಆಗಿದ್ದ ಜಾನ್ ಆಶ್‌ಕ್ರಾಫ್ಟ್, ಎಫ್‌ಬಿಐ ಮುಖ್ಯಸ್ಥ ರಾಬರ್ಟ್ ಮುಲ್ಲರ್ ಇದ್ದರು. 5-4ರ ಬಹುಮತದಲ್ಲಿ ನ್ಯಾಯಮೂರ್ತಿ ಕೆನಡಿ ಹೇಳಿದ್ದು: ‘ತಾರತಮ್ಯದ ಉದ್ದೇಶದಿಂದ ಮಾಡಿದರು’ ಎಂಬುದು ಸಂಗತಿಯಲ್ಲ, ಬರಿಯ ತೀರ್ಮಾನ; ಅಂಥದ್ದನ್ನು ನಿಜವೆಂದು ಭಾವಿಸಬೇಕಿಲ್ಲ. ಉಳಿದ ಸಂಗತಿಗಳು ನಂಬುವಂತಿರಬೇಕು, ಮತ್ತು ನಂಬುವಂತಿವೆಯೇ ಎಂದು ನ್ಯಾಯಾಧೀಶರು ತಮ್ಮ ಅನುಭವ ಮತ್ತು ಸಾಮಾನ್ಯ ಜ್ಞಾನದಿಂದ ನೋಡುತ್ತಾರೆ.

ಯಾರ ಸಾಮಾನ್ಯ ಜ್ಞಾನ ಎಂಬ ಪ್ರಶ್ನೆ ಅಂದಿನಿಂದ ನಿಂತಿಲ್ಲ, ನಿಲ್ಲಬೇಕಾದ್ದೂ ಇಲ್ಲ. ತಾರತಮ್ಯದ ಕೇಸಿನಲ್ಲಿ ಪುರಾವೆ ಇರುವುದು ಎದುರಾಳಿಯ ಕಡತದಲ್ಲಿ, ಅವರ ಇಮೇಲ್‌ನಲ್ಲಿ, ಅವರ ತಲೆಯೊಳಗೆ. ಆ ಕಡತ ತೆರೆಸುವ ಹಕ್ಕು ಬರುವುದು ವಾದಪತ್ರ ಈ ಹಂತ ದಾಟಿದ ಮೇಲೆ; ದಾಟಲು ಬೇಕಾದದ್ದು ಆ ಕಡತದೊಳಗೇ ಇದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ನನ್ನ ಎಣಿಕೆಯಲ್ಲಿ ಇಕ್ಬಾಲ್ ತೀರ್ಪಿನ ದೊಡ್ಡ ತೊಡಕು ಇದು. ಆ ತೀರ್ಪು ಕೂಡ ಇಕ್ಬಾಲ್‌ನ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ ಎಂಬುದನ್ನು ಮರೆಯುವವರೇ ಹೆಚ್ಚು: ವಾದಪತ್ರ ತಿದ್ದಲು ಅವಕಾಶ ಕೊಡಬೇಕೇ ಎಂಬುದನ್ನು ಕೆಳಗಿನ ನ್ಯಾಯಾಲಯ ನೋಡಲಿ ಎಂದು ಹಿಂದಕ್ಕೆ ಕಳಿಸಿತು.

ಆದೇಶದಲ್ಲಿ ‘ವಿದೌಟ್ ಪ್ರೆಜುಡೀಸ್’ ಎಂದಿದೆ. ಪೂರ್ವಗ್ರಹವಿಲ್ಲದೆ ಎಂದೇ?

ನಿಘಂಟು ಹಾಗೆ ಹೇಳುತ್ತದೆ, ಇಲ್ಲಿ ಅದು ದಾರಿ ತಪ್ಪಿಸುತ್ತದೆ. ನ್ಯಾಯಾಧೀಶರ ಮನಸ್ಸಿನ ಬಗ್ಗೆ ಈ ಪದ ಏನನ್ನೂ ಹೇಳುತ್ತಿಲ್ಲ. ‘ವಿದೌಟ್’ ಎಂದಿದ್ದರೆ ಅದೇ ದಾವೆಯನ್ನು ಸರಿಪಡಿಸಿ ಮತ್ತೆ ಹೂಡಬಹುದು. ‘ವಿತ್’ ಎಂದಿದ್ದರೆ ಆ ಬಾಗಿಲು ಮುಚ್ಚಿತು, ಇನ್ನು ಬಹುಮಟ್ಟಿಗೆ ಮೇಲ್ಮನವಿಯೇ ದಾರಿ. ಏನೂ ಬರೆಯದಿದ್ದರೆ? ಆಗ ನಿಯಮ 41(ಬಿ) ಪ್ರಕಾರ ಮುಚ್ಚಿದ ಲೆಕ್ಕವೇ. ಅಧಿಕಾರ ವ್ಯಾಪ್ತಿ ಇಲ್ಲ ಎಂಬಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಇನ್ನೊಂದು ಬಲೆ: ‘ವಿದೌಟ್’ ಎಂದು ಸಿಕ್ಕ ಮಾತ್ರಕ್ಕೆ ಕಾಲಮಿತಿಯ ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ. ಎರಡು ವರ್ಷದ ಮಿತಿ ಇರುವ ರಾಜ್ಯದಲ್ಲಿ, ಘಟನೆ ನಡೆದು ಮೂರು ವರ್ಷದ ಮೇಲೆ ಅಂಥ ಆದೇಶ ಬಂದರೆ, ತೆರೆದ ಬಾಗಿಲಿನಾಚೆ ಗೋಡೆಯೇ ಇರಬಹುದು.

ಪೊಲೀಸರ ಮೇಲಿನ ದಾವೆಗಳು ಅಷ್ಟು ಸುಲಭವಾಗಿ ಬೀಳುವುದೇಕೆ?

ಕ್ವಾಲಿಫೈಡ್ ಇಮ್ಯೂನಿಟಿ ಎಂಬ ರಕ್ಷಣೆಯಿಂದ. 1871ರ ಕಾಯ್ದೆಯ ಅಕ್ಷರಗಳಲ್ಲಿ ಇದನ್ನು ಹುಡುಕಬೇಡಿ, ಸಿಗುವುದಿಲ್ಲ, ನ್ಯಾಯಾಲಯಗಳೇ ಕಟ್ಟಿಕೊಂಡದ್ದು. 1967ರಲ್ಲಿ ಸಣ್ಣದಾಗಿ ಶುರುವಾಗಿ, 1982ರ ಹಾರ್ಲೋ ತೀರ್ಪಿನಲ್ಲಿ ಈಗಿನ ರೂಪ ಪಡೆಯಿತು. ಅಧಿಕಾರಿ ಹಕ್ಕನ್ನು ಮುರಿದನೆಂದೇ ಇಟ್ಟುಕೊಳ್ಳೋಣ, ಆ ಕಾಲಕ್ಕೆ ಅದು ಹಕ್ಕು ಎಂಬುದು ‘ಸ್ಪಷ್ಟವಾಗಿ ಸ್ಥಾಪಿತ’ವಾಗಿರಬೇಕು. ಸ್ಥಾಪಿತವಾಗಿದೆ ಎನ್ನಲು ಬಹುಮಟ್ಟಿಗೆ ಅದನ್ನೇ ಹೋಲುವ ಹಳೆಯ ತೀರ್ಪು ಬೇಕು. ಹೊಸ ಬಗೆಯ ಅನ್ಯಾಯ ಮಾಡಿದವನಿಗೆ ಹೊಸತೇ ರಕ್ಷಣೆಯಾಗುತ್ತದೆ.

ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಶೋಧ ವಾರಂಟ್ ಹಿಡಿದು ಬಂದ ಪೊಲೀಸರು ವಶಪಡಿಸಿಕೊಂಡದ್ದು ಸುಮಾರು 50,000 ಡಾಲರ್ ಎಂದು ಪಟ್ಟಿ ಕೊಟ್ಟರು. ಒಯ್ದದ್ದು 1,51,380 ಡಾಲರ್ ನಗದು ಮತ್ತು 1,25,000 ಡಾಲರ್ ಬೆಲೆಯ ಅಪರೂಪದ ನಾಣ್ಯಗಳು, ನಡುವಿನದ್ದನ್ನು ಕದ್ದರು ಎಂಬುದು ವಾದಿಗಳ ಆರೋಪ. ಕಳ್ಳತನ ತಪ್ಪೆಂದು ಪೊಲೀಸರಿಗೆ ತಿಳಿದಿರಬೇಕಿತ್ತು ಎಂದು ಒಪ್ಪಿಯೂ, ವಾರಂಟಿನಡಿ ಹಿಡಿದ ಹಣವನ್ನು ಕದಿಯುವುದು ಸಂವಿಧಾನದ ಉಲ್ಲಂಘನೆ ಎಂದು ಹೇಳುವ ಹಳೆಯ ತೀರ್ಪಿಲ್ಲವಾದ್ದರಿಂದ, 2019ರಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ರಕ್ಷಣೆ ಕೊಟ್ಟಿತು. ಓದಿದವರು ಮೂಗಿನ ಮೇಲೆ ಬೆರಳಿಟ್ಟರು. ಮರುವರ್ಷ ಟೆಕ್ಸಸ್‌ನ ಕೈದಿಯೊಬ್ಬನನ್ನು ಆರು ದಿನ ಮಲ ತುಂಬಿದ ಕೋಣೆಗಳಲ್ಲಿ ಇಟ್ಟ ಪ್ರಕರಣದಲ್ಲಿ ಮಾತ್ರ ಸುಪ್ರೀಂ ಕೋರ್ಟು, ಇದು ತಪ್ಪೆಂದು ತಿಳಿಯಲು ಯಾವ ಅಧಿಕಾರಿಗೂ ಹಳೆಯ ತೀರ್ಪು ಬೇಕಿಲ್ಲ ಎಂದು ಕೆಳಗಿನ ಆದೇಶ ರದ್ದು ಮಾಡಿತು.

ನಮ್ಮಲ್ಲಿ ಸರ್ಕಾರಿ ನೌಕರನ ಮೇಲೆ ಕ್ರಿಮಿನಲ್ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕೆನ್ನುವ ಕಲಂ ಇದೆ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 197, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 218. ರಕ್ಷಿಸುವ ಆಸೆ ಎರಡೂ ಕಡೆ ಒಂದೇ, ದಾರಿ ಬೇರೆ. ಕೊಲರಾಡೊ 2020ರಲ್ಲಿ, ನ್ಯೂ ಮೆಕ್ಸಿಕೊ 2021ರಲ್ಲಿ ತಮ್ಮ ರಾಜ್ಯದ ಕಾನೂನಿನಡಿಯ ದಾವೆಗಳಿಗೆ ಈ ರಕ್ಷಣೆ ಇಲ್ಲವೆಂದು ಕಾಯ್ದೆ ಮಾಡಿದವು. ಫೆಡರಲ್ ದಾವೆಯಲ್ಲಿ ಅದು ಹಾಗೆಯೇ ಇದೆ.

ಹಾಗಾದರೆ ಯಾರೂ ಗೆಲ್ಲುವುದಿಲ್ಲವೇ?

ಗೆಲ್ಲುತ್ತಾರೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಮಗನ ಮನೆಯ ಬೀದಿಯಲ್ಲಿ ಅಡ್ಡಾಡುತ್ತಿದ್ದ 57 ವರ್ಷದ ಗುಜರಾತಿ ಅಜ್ಜನೊಬ್ಬರನ್ನು ನೆನಪಿಸಿಕೊಳ್ಳಿ. ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು, ಇಂಗ್ಲಿಷ್ ಬಾರದು. ನೆರೆಯವರೊಬ್ಬರು ಪೊಲೀಸರಿಗೆ ಕರೆ ಮಾಡಿದರು. ಬಂದ ಅಧಿಕಾರಿ ನೆಲಕ್ಕೆ ಕೆಡವಿದ. ಕತ್ತಿನ ಮೂಳೆಗೆ ಶಸ್ತ್ರಚಿಕಿತ್ಸೆ, ದೇಹದ ಭಾಗಗಳಲ್ಲಿ ಸ್ವಾಧೀನ ಇಲ್ಲ. ಕ್ರಿಮಿನಲ್ ವಿಚಾರಣೆಯಲ್ಲಿ ಎರಡು ಜ್ಯೂರಿಗಳು ಒಮ್ಮತಕ್ಕೆ ಬರಲಾರದೆ ಹೋದವು, 2016ರಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ಎಲ್ಲ ಮುಗಿಯಿತು ಎಂದು ಭಾರತದ ಪತ್ರಿಕೆಗಳು ಬಹುತೇಕ ಮರೆತವು. ಸಿವಿಲ್ ದಾವೆ ಮಾತ್ರ ನಡೆದೇ ಇತ್ತು. 2020ರಲ್ಲಿ 11ನೇ ಸರ್ಕ್ಯೂಟ್ ಆ ಅಧಿಕಾರಿಗೆ ಇಮ್ಯೂನಿಟಿ ಇಲ್ಲವೆಂದಿತು, ಮರುವರ್ಷ 17.5 ಲಕ್ಷ ಡಾಲರಿಗೆ ರಾಜಿಯಾಯಿತು.

ವೀಸಾದಲ್ಲಿರುವವರು ದಾವೆ ಹೂಡಬಹುದೇ?

ಧಾರಾಳವಾಗಿ. ವಿಭಾಗ 1983 ಪೌರರನ್ನಷ್ಟೇ ಅಲ್ಲ, ದೇಶದ ವ್ಯಾಪ್ತಿಯಲ್ಲಿರುವ ‘ಇತರ ವ್ಯಕ್ತಿ’ಯನ್ನೂ ಹೆಸರಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಅಗಸರ ಪ್ರಕರಣದಲ್ಲಿ 1886ರಲ್ಲೇ ಸುಪ್ರೀಂ ಕೋರ್ಟು 14ನೇ ತಿದ್ದುಪಡಿ ಪೌರರಲ್ಲದವರನ್ನೂ ಕಾಯುತ್ತದೆ ಎಂದಿತ್ತು. ಎದುರಿಗಿರುವವನು ಗಡಿಪಡೆಯಂಥ ಫೆಡರಲ್ ಅಧಿಕಾರಿಯಾದರೆ ಕಷ್ಟ: ವಿಭಾಗ 1983 ಅವನಿಗೆ ತಗಲುವುದಿಲ್ಲ, 1971ರ ಬಿವೆನ್ಸ್ ತೀರ್ಪು ತೆರೆದಿದ್ದ ಕಿರುದಾರಿಯನ್ನು 2022ರ ಎಗ್ಬರ್ಟ್ ತೀರ್ಪು ಹೆಚ್ಚುಕಡಿಮೆ ಮುಳ್ಳು ಹಾಕಿ ಮುಚ್ಚಿದೆ.

ಕಂಪನಿಯ ಮೇಲೆ ಹಾಕಿದ ದಾವೆ ತಾಂತ್ರಿಕ ಕಾರಣಕ್ಕೆ ವಜಾ ಆಯಿತು ಎನ್ನುತ್ತಾರಲ್ಲ?

ಅಂಥದ್ದರಲ್ಲಿ ಹೆಚ್ಚಿನವು ದಿನದ ಲೆಕ್ಕ. 7ನೇ ಅಧ್ಯಾಯದ ದಾವೆಗೆ ಮೊದಲು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಬೇಕು: 180 ದಿನದೊಳಗೆ, ರಾಜ್ಯದಲ್ಲಿ ಅಂಥದೇ ಸಂಸ್ಥೆಯಿದ್ದರೆ 300 ದಿನದೊಳಗೆ. ಆಯೋಗ ‘ದಾವೆ ಹೂಡುವ ಹಕ್ಕು’ ಪತ್ರ ಕೊಟ್ಟ ಮೇಲೆ 90 ದಿನ. ಮಾನವ ಸಂಪನ್ಮೂಲ ವಿಭಾಗದವರ ಜೊತೆ ಮಾತುಕತೆ ನಡೆಯುತ್ತಿದೆ ಎಂದು ಕಾದು ಕುಳಿತವರು ಇಲ್ಲೇ ಮೋಸ ಹೋಗುವುದು. ಆ ಮಾತುಕತೆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಜನಾಂಗದ ಕಾರಣದ ತಾರತಮ್ಯವಾದರೆ ವಿಭಾಗ 1981ರಲ್ಲಿ ಆಯೋಗದ ಮೆಟ್ಟಿಲು ಹತ್ತಬೇಕಿಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷ ಅವಕಾಶವಿದೆ. ಧರ್ಮ, ಲಿಂಗದ ದೂರುಗಳಿಗೆ ಅದು ಒದಗುವುದಿಲ್ಲ.

ವಿಭಾಗ 1983ಕ್ಕೆ ಸ್ವಂತ ಕಾಲಮಿತಿಯೇ ಇಲ್ಲ, ಆಯಾ ರಾಜ್ಯದ ದೈಹಿಕ ಹಾನಿಯ ದಾವೆಯ ಮಿತಿಯನ್ನು ಎರವಲು ಪಡೆಯುತ್ತದೆ. ನ್ಯೂಯಾರ್ಕಿನಲ್ಲಿ ಮೂರು ವರ್ಷ, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಎರಡು, ಟೆನೆಸ್ಸಿಯಲ್ಲಿ ಒಂದೇ.

ಸಿಸ್ಕೊ ಕಂಪನಿಯ ಜಾತಿ ತಾರತಮ್ಯದ ಕೇಸು ಫೆಡರಲ್ ನ್ಯಾಯಾಲಯದಲ್ಲಿ ವಜಾ ಆಯಿತಲ್ಲವೇ?

ನಮ್ಮವರು ಅತಿ ಹೆಚ್ಚು ಕೇಳುವುದು ಇದನ್ನೇ, ಅತಿ ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ. ದಲಿತ ಎಂಜಿನಿಯರ್ ಒಬ್ಬರಿಗೆ ಮೇಲ್ಜಾತಿಯ ಇಬ್ಬರು ಮೇಲಧಿಕಾರಿಗಳು ತಾರತಮ್ಯ ಮಾಡಿದರೆಂದು ಕ್ಯಾಲಿಫೋರ್ನಿಯಾ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆ 2020ರ ಜೂನ್ 30ರಂದು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕಂಪನಿ ಆರೋಪವನ್ನು ನಿರಾಕರಿಸಿತು. ಅದೇ ಅಕ್ಟೋಬರಿನಲ್ಲಿ ಇಲಾಖೆ ತಾನಾಗಿಯೇ ಅದನ್ನು ವಾಪಸು ಪಡೆದು, ರಾಜ್ಯದ ಕಾನೂನಿನಡಿ ಸಾಂತಾ ಕ್ಲಾರಾ ಕೌಂಟಿಯ ನ್ಯಾಯಾಲಯದಲ್ಲಿ ಮತ್ತೆ ಹೂಡಿತು. ಅಂದರೆ ಫೆಡರಲ್ ನ್ಯಾಯಾಲಯ ಜಾತಿಯ ಪ್ರಶ್ನೆಗೆ ಹೌದೂ ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. 2023ರ ಏಪ್ರಿಲ್‌ನಲ್ಲಿ ಆ ಇಬ್ಬರು ಮೇಲಧಿಕಾರಿಗಳನ್ನು ಇಲಾಖೆ ದಾವೆಯಿಂದ ಕೈಬಿಟ್ಟಿತು, ಕಂಪನಿಯ ವಿರುದ್ಧದ ದಾವೆಯನ್ನು ಕೈಬಿಡಲಿಲ್ಲ. ಆ ದಿನಗಳಲ್ಲಿ ಒಂದು ಪಾಳೆಯ ‘ಕೇಸೇ ವಜಾ’ ಎಂದು ಸಿಹಿ ಹಂಚಿತು, ಇನ್ನೊಂದು ಪಾಳೆಯ ಏನೂ ಆಗಿಲ್ಲವೆಂಬಂತೆ ನಡೆದುಕೊಂಡಿತು. ಎರಡೂ ಅರ್ಧ ಓದಿದವರ ಮಾತು.

ವಕೀಲರಿಲ್ಲದೆ ನಡೆಸಿದರೆ?

ಹೂಡುವ ಶುಲ್ಕ 405 ಡಾಲರ್, ಬಡವರು ಮನ್ನಾ ಕೇಳಬಹುದು. ಆದರೆ ಮನ್ನಾ ಸಿಕ್ಕ ದಾವೆಯನ್ನು ಎದುರಾಳಿಗೆ ಸಮನ್ಸ್ ಹೋಗುವ ಮೊದಲೇ ನ್ಯಾಯಾಲಯ ಜರಡಿ ಹಿಡಿಯುತ್ತದೆ. ವಕೀಲರಿಲ್ಲದವರ ಬರಹವನ್ನು ಉದಾರವಾಗಿ ಓದಬೇಕೆಂಬ ನಿಯಮ 1972ರಿಂದ ಇದೆ, ಉದಾರತೆ ದಿನಾಂಕಗಳಿಗೆ ಅನ್ವಯಿಸುವುದಿಲ್ಲ. ವಜಾ ಅರ್ಜಿ ಕೈಗೆ ಬಂದ 21 ದಿನದೊಳಗಾದರೆ ವಾದಪತ್ರವನ್ನು ಒಮ್ಮೆ ಯಾರ ಅಪ್ಪಣೆಯೂ ಇಲ್ಲದೆ ತಿದ್ದಬಹುದು. ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರು ವಜಾ ಮಾಡಿ ಎಂದು ಶಿಫಾರಸು ಬರೆದರೆ ಆಕ್ಷೇಪಣೆಗೆ 14 ದಿನ. ಶಿಫಾರಸೇ ಅಂತಿಮ ಆದೇಶವೆಂದು ತಿಳಿದು ಸುಮ್ಮನಾದವರು ಮೇಲ್ಮನವಿಯಲ್ಲೂ ಕೈಸುಟ್ಟುಕೊಳ್ಳುತ್ತಾರೆ.

ಮೇಲ್ಮನವಿಗೆ ಎಷ್ಟು ದಿನ?

ತೀರ್ಪು ದಾಖಲಾದ ದಿನದಿಂದ 30 ದಿನ. ಅಮೆರಿಕ ಸರ್ಕಾರವೋ ಅದರ ಅಧಿಕಾರಿಯೋ ಕಕ್ಷಿಯಾಗಿದ್ದರೆ 60. ಶುಲ್ಕ 605 ಡಾಲರ್. ದಿನದ ವಿಷಯದಲ್ಲಿ ಅಲ್ಲಿನ ನ್ಯಾಯಾಲಯ ಎಷ್ಟು ಕಠಿಣ ಎಂದರೆ, ಓಹಾಯೊದ ಬೋಲ್ಸ್ ಎಂಬ ಕೈದಿಗೆ, ತಪ್ಪಿಹೋಗಿದ್ದ ಮೇಲ್ಮನವಿಯ ಅವಧಿಯನ್ನು ಮತ್ತೆ ತೆರೆದಾಗ ಕಾನೂನು ಕೊಡುವ 14 ದಿನದ ಬದಲು ನ್ಯಾಯಾಧೀಶರೇ ತಪ್ಪಾಗಿ 17 ದಿನ ಕೊಟ್ಟರು. ಅವನು 16ನೇ ದಿನ ಅರ್ಜಿ ಹಾಕಿದ. ತಡವಾಯಿತು ಎಂದು 2007ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿತು. ನ್ಯಾಯಾಧೀಶರ ಮಾತು ನಂಬಿದ್ದು ನೆಪವಾಗಲಿಲ್ಲ.

ಸೋತರೆ ಎದುರಾಳಿಯ ವಕೀಲರ ಶುಲ್ಕವನ್ನೂ ನಾನೇ ಕಟ್ಟಬೇಕೇ?

ಸಾಮಾನ್ಯವಾಗಿ ಇಲ್ಲ. ದಾವೆ ಪೊಳ್ಳು, ಬುಡವಿಲ್ಲದ್ದು ಎಂದು ನ್ಯಾಯಾಲಯ ಹೇಳಿದರೆ ಮಾತ್ರ. 1978ರ ಕ್ರಿಶ್ಚಿಯನ್ಸ್‌ಬರ್ಗ್ ತೀರ್ಪು ಈ ಗೆರೆ ಎಳೆಯಿತು.

ರಾಜಿಯಾಗಿ ಹಣ ಬಂದಿದೆ ಎನ್ನುತ್ತಾರೆ, ದಾಖಲೆಯಲ್ಲಿ ‘ವಿತ್ ಪ್ರೆಜುಡೀಸ್ ವಜಾ’ ಎಂದಿದೆ. ಯಾವುದು ನಿಜ?

ಎರಡೂ. ರಾಜಿಯಾದ ಮೇಲೆ ಇಬ್ಬರೂ ಸಹಿ ಹಾಕಿ ದಾವೆಯನ್ನು ಮುಗಿಸುವುದು ಹೀಗೆಯೇ. ಗೆದ್ದು ಹಣ ಎಣಿಸಿಕೊಂಡವನ ದಾಖಲೆಯೂ, ಬರಿಗೈಯಲ್ಲಿ ಮನೆಗೆ ಹೋದವನ ದಾಖಲೆಯೂ ಹೊರಗಿನಿಂದ ನೋಡಿದರೆ ಒಂದೇ ಬಣ್ಣ.

ಆದೇಶವನ್ನು ನಾನೇ ಓದಲು ಎಲ್ಲಿ ಹುಡುಕಲಿ?

ಪೇಸರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಖಾತೆ ತೆರೆಯಿರಿ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ ಒಟ್ಟು 30 ಡಾಲರ್ ಮೀರದಿದ್ದರೆ ಆ ಬಿಲ್ಲೂ ಮನ್ನಾ. ನ್ಯಾಯಾಲಯದ ಅಭಿಪ್ರಾಯಗಳು ಅಲ್ಲಿ ಉಚಿತ. ಕೋರ್ಟ್‌ಲಿಸನರ್ ಎಂಬ ಇನ್ನೊಂದು ಜಾಲತಾಣದಲ್ಲಿ ಇತರರು ಈಗಾಗಲೇ ತೆಗೆದಿರುವ ದಾಖಲೆಗಳು ಬಿಟ್ಟಿಯಾಗಿ ಸಿಗುತ್ತವೆ. ಮೊದಲು ಕೊನೆಯ ಪುಟ ತೆರೆಯಿರಿ: ಯಾವ ನಿಯಮದಡಿ ವಜಾ, ‘ವಿತ್’ ಇದೆಯೋ ‘ವಿದೌಟ್’ ಇದೆಯೋ, ತಿದ್ದಿ ಸಲ್ಲಿಸಲು ದಿನ ಕೊಟ್ಟಿದ್ದಾರೆಯೋ ನೋಡಿ. ಆಮೇಲೆ ದಾಖಲೆಗಳ ಪಟ್ಟಿಗೆ ಹೋಗಿ ತೀರ್ಪು ದಾಖಲಾದ ದಿನಾಂಕವನ್ನು ಬರೆದುಕೊಳ್ಳಿ. 30 ದಿನ ಎಣಿಸುವುದು ಅದರಿಂದ. ಆದೇಶ ನಿಮ್ಮ ಕೈಗೆ ಬಂದ ದಿನದಿಂದಲ್ಲ, ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದಲೂ ಅಲ್ಲ.